ಗೇಟಿನಿಂದ ಹಿಂದಕ್ಕೆ ಎಣಿಸಿ: ವಿಮಾನ ನಿಲ್ದಾಣದ ಲೌಂಜ್‌ಗಳನ್ನು ಹೋಲಿಸುವ ಬಗೆ

ವಿಮಾನ ನಿಲ್ದಾಣದ ಲೌಂಜ್ (ಊಟ, ವಿಶ್ರಾಂತಿಯ ಸೌಲಭ್ಯವಿರುವ ಪ್ರತ್ಯೇಕ ಕಾಯುವ ಕೋಣೆ) ಎಂದೊಡನೆ ಎಲ್ಲರೂ ಕೇಳುವುದು ಊಟ ಹೇಗಿದೆ ಎಂದು. ನಾನು ಕೇಳುವುದು ಗೇಟು ಎಷ್ಟು ದೂರ ಎಂದು. ಈ ಅಭ್ಯಾಸ ಒಂದೇ ದಿನದಲ್ಲಿ ಅಂಟಿಕೊಂಡದ್ದು. ಅಂದು ಹೊಳೆಯುವ ಚಿತ್ರಗಳಿಗೆ ಮರುಳಾಗಿ ಟರ್ಮಿನಲ್‌ನ ಇನ್ನೊಂದು ತುದಿಯಲ್ಲಿದ್ದ ಲೌಂಜ್‌ಗೆ ಹೋಗಿದ್ದೆ. ಬಾಗಿಲಲ್ಲೇ ಸರತಿ. ಒಳಗೆ ಹೋಗಿ, ತಟ್ಟೆಗೆ ಬಡಿಸಿಕೊಂಡು, ಖಾಲಿ ಕುರ್ಚಿ ಹುಡುಕುವಷ್ಟರಲ್ಲಿ ಫಲಕದಲ್ಲಿ ನನ್ನ ವಿಮಾನದ ಎದುರು ‘ಬೋರ್ಡಿಂಗ್’ ಎಂದು ಮೂಡಿತ್ತು. ನಿಂತೇ ನಾಲ್ಕು ತುತ್ತು ನುಂಗಿ ಓಡಿದೆ. ನನ್ನ ಗೇಟಿಗೆ ಐವತ್ತು ಹೆಜ್ಜೆ ಇರುವಾಗ ಇನ್ನೊಂದು ಸಣ್ಣ ಲೌಂಜ್ ಕಣ್ಣಿಗೆ ಬಿತ್ತು. ಮೊದಲನೆಯದಕ್ಕೆ ತೋರಿಸಿದ್ದ ಅದೇ ಕಾರ್ಡಿಗೆ ಇದರ ಬಾಗಿಲೂ ತೆರೆಯುತ್ತಿತ್ತು. ಒಳಗೆ ಅರ್ಧಕ್ಕರ್ಧ ಕುರ್ಚಿಗಳು ಖಾಲಿ.

ಅಂದಿನಿಂದ ಲೌಂಜ್‌ಗಳನ್ನು ಅಳೆಯಲು ನನಗೆ ಒಂದೇ ಮಾನದಂಡ: ಕೂತು ಅನುಭವಿಸಲು ಸಿಗುವ ನಿಮಿಷಗಳು. ಅಲಂಕಾರ, ತಿನಿಸು, ಸ್ನಾನದ ಕೋಣೆ ಎಲ್ಲವೂ ಆ ನಿಮಿಷಗಳ ಒಳಗೆ ಹಿಡಿಸಬೇಕು. ಹಿಡಿಸದಿದ್ದರೆ ಅವು ನಿಮ್ಮ ಪಾಲಿಗೆ ಇಲ್ಲ. ಮುಂದೆ ಹೇಳುವ ಕ್ರಮವನ್ನು ಪ್ರಯಾಣದ ಹಿಂದಿನ ದಿನ ಅರ್ಧ ಗಂಟೆ ಕೂತು ಮಾಡಿ ಮುಗಿಸಬಹುದು.

ಮೊದಲ ಹಂತ: ನಿಮಗೆ ತೆರೆಯುವ ಬಾಗಿಲುಗಳನ್ನು ಪಟ್ಟಿ ಮಾಡಿ

ಅಮೆರಿಕನ್ ಏರ್‌ಲೈನ್ಸ್ 1939ರಲ್ಲಿ ನ್ಯೂಯಾರ್ಕ್‌ನ ಲಾಗಾರ್ಡಿಯಾ ನಿಲ್ದಾಣದಲ್ಲಿ ‘ಅಡ್ಮಿರಲ್ಸ್ ಕ್ಲಬ್’ ತೆರೆದಾಗ ಒಳಗೆ ಹೋಗಲು ಆಹ್ವಾನ ಬೇಕಿತ್ತು. ಈಗ ದಾರಿಗಳು ನಾಲ್ಕಾರು ಇವೆ. ಟಿಕೆಟ್‌ನ ದರ್ಜೆ, ಒಂದು ವಿಮಾನ ಸಂಸ್ಥೆಯಲ್ಲಿ ಪದೇಪದೇ ಹಾರಿ ಗಳಿಸುವ ನಿಷ್ಠಾ ಸದಸ್ಯತ್ವ, ಪ್ರಯಾರಿಟಿ ಪಾಸ್‌ನಂಥ ಸ್ವತಂತ್ರ ಸದಸ್ಯತ್ವ, ಕ್ರೆಡಿಟ್ ಕಾರ್ಡ್, ಇಲ್ಲವೇ ಬಾಗಿಲಲ್ಲೇ ಹಣ ಕೊಟ್ಟು ಪಡೆಯುವ ಪ್ರವೇಶ. ದಾರಿಗಳು ಹೆಚ್ಚಿದಂತೆ ಷರತ್ತುಗಳೂ ಹೆಚ್ಚಿವೆ. ಹೆಚ್ಚಿನವರು ಎಡವುವುದು ಇಲ್ಲೇ. ಆದ್ದರಿಂದ ಈ ಹಂತದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮೊದಲು ವಿಮಾನ ಸಂಸ್ಥೆಗಳ ಮೈತ್ರಿಕೂಟಗಳನ್ನು ನೋಡಿ. ಸ್ಟಾರ್ ಅಲಯನ್ಸ್ 1997ರಲ್ಲಿ, ಒನ್‌ವರ್ಲ್ಡ್ 1999ರಲ್ಲಿ, ಸ್ಕೈಟೀಮ್ 2000ದಲ್ಲಿ ಶುರುವಾದವು. ಒಂದು ಸಂಸ್ಥೆಯಲ್ಲಿ ಗಳಿಸಿದ ಸ್ಥಾನಮಾನಕ್ಕೆ ಕೂಟದ ಉಳಿದ ಸಂಸ್ಥೆಗಳ ಲೌಂಜ್‌ಗಳೂ ತೆರೆಯುವುದು ಇವುಗಳಿಂದಾಗಿಯೇ. ಆದರೆ ಸದಸ್ಯತ್ವದ ಎಲ್ಲ ಮೆಟ್ಟಿಲಿಗೂ ಆ ಬಾಗಿಲು ಇಲ್ಲ. ಸ್ಟಾರ್ ಅಲಯನ್ಸ್‌ನಲ್ಲಿ ಗೋಲ್ಡ್ ಇರಬೇಕು, ಸಿಲ್ವರ್ ಸಾಲದು. ಒನ್‌ವರ್ಲ್ಡ್‌ನಲ್ಲಿ ಸಫೈರ್‌ಗೆ ಬಿಸಿನೆಸ್ ಲೌಂಜ್ ಸಿಗುತ್ತದೆ. ಎಮರಾಲ್ಡ್ ಸದಸ್ಯರು ಇಕಾನಮಿ ಟಿಕೆಟ್ ಹಿಡಿದಿದ್ದರೂ ಪ್ರಥಮ ದರ್ಜೆಯ ಲೌಂಜ್‌ಗೆ ಹೋಗಬಹುದು. ಸ್ಕೈಟೀಮ್‌ನ ಎಲೀಟ್ ಪ್ಲಸ್ ಮುಖ್ಯವಾಗಿ ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾತ್ರ ಕೆಲಸಕ್ಕೆ ಬರುತ್ತದೆ. ಇದರ ಮೇಲೆ ಒಂದು ತಮಾಷೆಯ ನಿಯಮವಿದೆ. ಸ್ಟಾರ್ ಅಲಯನ್ಸ್‌ಗೆ ಸೇರಿದ ಅಮೆರಿಕದ ಯುನೈಟೆಡ್ ಸಂಸ್ಥೆಯ ಸ್ವಂತ ಗೋಲ್ಡ್ ಸದಸ್ಯರು ಅಮೆರಿಕದ ಒಳಗೇ ಹಾರುವಾಗ ಆ ಸಂಸ್ಥೆಯ ಲೌಂಜ್‌ನೊಳಗೆ ಕಾಲಿಡುವಂತಿಲ್ಲ. ಅದೇ ವಿಮಾನದಲ್ಲಿರುವ ಬೇರೆ ಸಂಸ್ಥೆಯ ಗೋಲ್ಡ್ ಸದಸ್ಯರು ಆರಾಮವಾಗಿ ಒಳಗೆ ಹೋಗುತ್ತಾರೆ. ಮನೆಯವರಿಗೆ ಅಂಗಳ, ನೆಂಟರಿಗೆ ನಡುಮನೆ.

ಎರಡನೆಯ ಬಲೆ ಕೋಡ್‌ಷೇರ್. ಟಿಕೆಟ್ ಮೇಲೆ ಒಂದು ಸಂಸ್ಥೆಯ ವಿಮಾನ ಸಂಖ್ಯೆ ಇರುತ್ತದೆ, ವಿಮಾನ ಹಾರಿಸುವುದು ಇನ್ನೊಂದು ಸಂಸ್ಥೆ. ಲೌಂಜ್‌ನ ಲೆಕ್ಕದಲ್ಲಿ ಹಾರಿಸುವವರೇ ಮುಖ್ಯ. ಹಾರಿಸುವ ಸಂಸ್ಥೆ ಮೈತ್ರಿಕೂಟದ ಹೊರಗಿದ್ದರೆ ನಿಮ್ಮ ಸ್ಥಾನಮಾನ ಬಾಗಿಲಲ್ಲಿ ಬರಿಯ ಪ್ಲಾಸ್ಟಿಕ್ ತುಂಡು. ಟಿಕೆಟ್‌ನಲ್ಲಿ ಸಣ್ಣ ಅಕ್ಷರಗಳಲ್ಲಿ ‘ಇಂಥವರಿಂದ ನಿರ್ವಹಣೆ’ ಎಂದು ಬರೆದಿರುವ ಸಾಲನ್ನು ಹುಡುಕಿ ಓದಿ.

ಜೊತೆಗಾರರ ವಿಷಯವನ್ನೂ ಹಿಂದಿನ ದಿನವೇ ಇತ್ಯರ್ಥ ಮಾಡಿಕೊಳ್ಳಿ. ಸ್ಟಾರ್ ಅಲಯನ್ಸ್ ನಿಯಮದಂತೆ ಗೋಲ್ಡ್ ಸದಸ್ಯರು ಒಬ್ಬ ಅತಿಥಿಯನ್ನು ಕರೆದೊಯ್ಯಬಹುದು. ಬರಿಯ ಬಿಸಿನೆಸ್ ಟಿಕೆಟ್ ಹೊಂದಿದವರಿಗೆ ಆ ಸೌಲಭ್ಯವಿಲ್ಲ. ದುಬಾರಿ ಟಿಕೆಟ್ ಕೊಂಡವರು ಸಂಗಾತಿಯನ್ನು ಹೊರಗೆ ಬಿಟ್ಟು ಒಳಗೆ ಹೋಗಬೇಕಾಗಿ ಬಂದು, ಅಲ್ಲೇ ನಿಂತು ಮಾತಿಗೆ ಮಾತು ಬೆಳೆಸುವುದನ್ನು ನಾನು ನೋಡಿದ್ದೇನೆ.

ಸ್ವತಂತ್ರ ಕಾರ್ಡುಗಳದು ಬೇರೆ ಕಥೆ. ಪ್ರಯಾರಿಟಿ ಪಾಸ್, ಲೌಂಜ್‌ಕೀ, ಡ್ರ್ಯಾಗನ್‌ಪಾಸ್ ಇವೆಲ್ಲ ಲೌಂಜ್‌ಗಳೊಂದಿಗೆ ಮಾಡಿಕೊಂಡ ಒಪ್ಪಂದಗಳ ಮೇಲೆ ನಿಂತಿವೆ. ಒಪ್ಪಂದ ಮುರಿದರೆ ಬಾಗಿಲೂ ಮುಚ್ಚುತ್ತದೆ. ಹಲವು ನಿಲ್ದಾಣಗಳಲ್ಲಿ ಲೌಂಜ್ ನಡೆಸುವ ಪ್ಲಾಜಾ ಪ್ರೀಮಿಯಂ 2021ರಲ್ಲಿ ಪ್ರಯಾರಿಟಿ ಪಾಸ್‌ನಿಂದ ಹೊರನಡೆದಾಗ ಎಷ್ಟೋ ಜನರ ಕಾರ್ಡುಗಳು ಅವರ ನೆಚ್ಚಿನ ಲೌಂಜ್‌ನಲ್ಲಿ ನಡೆಯದಾದವು. ಹಾಗಾಗಿ ಕಳೆದ ಸಲ ಹೋಗಿದ್ದೆ ಎಂಬ ನೆನಪನ್ನು ನಂಬಬೇಡಿ. ಆಯಾ ಸಂಸ್ಥೆಯ ಆ್ಯಪ್‌ನಲ್ಲಿ ನಿಲ್ದಾಣದ ಹೆಸರು ಹಾಕಿ ಆ ವಾರದ ಸ್ಥಿತಿ ನೋಡಿ. ಅಲ್ಲಿ ಓದಬೇಕಾದ ಸಾಲುಗಳು ಮೂರು: ಎಷ್ಟು ಗಂಟೆ ಮುಂಚೆ ಒಳಬಿಡುತ್ತಾರೆ, ಎಷ್ಟು ಹೊತ್ತು ಕೂರಬಹುದು, ಯಾವ ಹೊತ್ತಿನಲ್ಲಿ ಕಾರ್ಡುದಾರರನ್ನು ತಡೆಯುತ್ತಾರೆ. ಅನೇಕ ಕಡೆ ಮೂರು ಗಂಟೆಯ ಮಿತಿ ಇರುತ್ತದೆ. ಬ್ಯಾಂಕು ಕೊಟ್ಟ ಕಾರ್ಡಾದರೆ ವರ್ಷಕ್ಕೆ ಎಷ್ಟು ಭೇಟಿ ಉಚಿತ, ಅತಿಥಿಯ ಶುಲ್ಕ ಯಾರ ಖಾತೆಗೆ ಎಂಬುದನ್ನೂ ನೋಡಿ. ಅತಿಥಿ ಶುಲ್ಕದ ವಿಶೇಷವೆಂದರೆ ಅದನ್ನು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ, ತಿಂಗಳ ಬಿಲ್ಲಿನಲ್ಲಿ ಮೆಲ್ಲಗೆ ಬಂದು ಕೂತಿರುತ್ತದೆ.

ಎರಡನೆಯ ಹಂತ: ನಕ್ಷೆಯ ಮೇಲೆ ಗೆರೆ ಎಳೆಯಿರಿ

ಪಟ್ಟಿಯಲ್ಲಿ ನಾಲ್ಕು ಲೌಂಜ್ ಉಳಿದವು ಎನ್ನಿ. ಅವುಗಳಲ್ಲಿ ಎರಡಕ್ಕೆ ನೀವು ಹೋಗಲಾರಿರಿ ಎಂಬುದನ್ನು ನಿಲ್ದಾಣದ ನಕ್ಷೆಯೇ ಹೇಳುತ್ತದೆ. ಲೌಂಜ್ ಭದ್ರತಾ ತಪಾಸಣೆಯ ಈಚೆಗೋ ಆಚೆಗೋ? ವಲಸೆ ತಪಾಸಣೆಯ ಈಚೆಗೋ ಆಚೆಗೋ? ಈಚೆಗಿದ್ದರೆ, ಒಳಗೆ ಕೂತಷ್ಟು ಹೊತ್ತೂ ಮುಂದಿರುವ ಸರತಿಯ ಚಿಂತೆ ತಪ್ಪದು. ಬೇರೆ ಆಯ್ಕೆಯೇ ಇಲ್ಲದಿದ್ದರೆ ಹೊರತು ಅಂಥದನ್ನು ನಾನು ಪಟ್ಟಿಯಿಂದ ಹೊಡೆದುಹಾಕುತ್ತೇನೆ.

ಫ್ರಾಂಕ್‌ಫರ್ಟ್‌ನ ಒಂದನೆಯ ಟರ್ಮಿನಲ್‌ನಲ್ಲಿ ‘ಎ’ ಮತ್ತು ‘ಝಡ್’ ಗೇಟುಗಳು ಒಂದೇ ಕಟ್ಟಡದ ಕೆಳಮೇಲಿನ ಮಹಡಿಗಳು. ನಕ್ಷೆಯಲ್ಲಿ ಒಂದರ ಮೇಲೊಂದು ಕೂತಂತೆ ಕಾಣುತ್ತವೆ. ಆದರೆ ‘ಎ’ ಷೆಂಗೆನ್ ವಲಯದ (ತಮ್ಮೊಳಗೆ ಪಾಸ್‌ಪೋರ್ಟ್ ತಪಾಸಣೆ ಇಟ್ಟುಕೊಳ್ಳದ ಯುರೋಪಿನ ದೇಶಗಳ ಗುಂಪು) ಒಳಗಿನ ಪ್ರಯಾಣಕ್ಕೆ, ‘ಝಡ್’ ಹೊರಗಿನ ಪ್ರಯಾಣಕ್ಕೆ. ನಡುವೆ ಪಾಸ್‌ಪೋರ್ಟ್ ತಪಾಸಣೆ. ಖಂಡಾಂತರ ವಿಮಾನ ಹಿಡಿಯುವವರು ‘ಎ’ ಮಹಡಿಯ ಲೌಂಜ್‌ನಲ್ಲಿ ಮೈಮರೆತು ಕೂತರೆ, ಮೇಲಿನ ಮಹಡಿಗೆ ಹೋಗಲು ಮೆಟ್ಟಿಲ ಜೊತೆಗೆ ಒಂದು ಸರತಿಯನ್ನೂ ದಾಟಬೇಕು.

ಲಂಡನ್ ಹೀಥ್ರೂವಿನ ಐದನೆಯ ಟರ್ಮಿನಲ್‌ದು ಇನ್ನೊಂದು ಬಗೆ. ಮುಖ್ಯ ಕಟ್ಟಡದಾಚೆ ‘ಬಿ’ ಮತ್ತು ‘ಸಿ’ ಎಂಬ ಉಪಕಟ್ಟಡಗಳಿವೆ, ಅಲ್ಲಿಗೆ ನೆಲದಡಿಯ ಸಣ್ಣ ರೈಲು ಒಯ್ಯುತ್ತದೆ. ಬ್ರಿಟಿಷ್ ಏರ್‌ವೇಸ್‌ನ ದೊಡ್ಡ ಲೌಂಜ್‌ಗಳು ಮುಖ್ಯ ಕಟ್ಟಡದಲ್ಲಿವೆ. ‘ಬಿ’ಯಲ್ಲೂ ಒಂದಿದೆ. ನಿಮ್ಮ ಗೇಟು ‘ಬಿ’ ಅಥವಾ ‘ಸಿ’ಯಲ್ಲಿದ್ದರೆ ಆ ಒಂದೇ ನಿಮಗೆ ಹತ್ತಿರದ್ದು. ಹಾಂಗ್‌ಕಾಂಗ್‌ನಲ್ಲಿ ಕ್ಯಾಥೆ ಪೆಸಿಫಿಕ್‌ನ ಹೆಸರಾಂತ ‘ದ ಪಿಯರ್’ ಅರವತ್ತರ ಸಂಖ್ಯೆಯ ಗೇಟುಗಳ ಬಳಿ ಇದೆ. ಒಂದಂಕಿಯ ಗೇಟಿನಿಂದ ಹೊರಡುವವರಿಗೆ ಅದು ಹೋಗಿಬರುವ ಒಂದು ಪುಟ್ಟ ಯಾತ್ರೆ.

ಸಿಂಗಪುರದ ಚಾಂಗಿಯಲ್ಲಿ 1, 2 ಮತ್ತು 3ನೆಯ ಟರ್ಮಿನಲ್‌ಗಳ ನಡುವೆ ಪ್ರಯಾಣಿಕರು ಒಳಗಿಂದಲೇ ಓಡಾಡಬಹುದು, ಹಾಗಾಗಿ ಲೌಂಜ್‌ಗಳ ಆಯ್ಕೆ ವಿಶಾಲ. ಆದರೆ ಅಲ್ಲಿ ಭದ್ರತಾ ತಪಾಸಣೆ ಗೇಟಿನ ಬಾಯಲ್ಲೇ ನಡೆಯುತ್ತದೆ. ಲೌಂಜ್‌ನಲ್ಲಿ ಪ್ರೀತಿಯಿಂದ ತುಂಬಿಸಿಕೊಂಡ ನೀರಿನ ಬಾಟಲಿಯನ್ನು ಗೇಟಿನ ಮುಂದೆ ಬರಿದು ಮಾಡಬೇಕು, ಆ ಸರತಿಗಾಗಿ ಹತ್ತು ಹದಿನೈದು ನಿಮಿಷ ಮುಂಚೆಯೇ ಏಳಬೇಕು. ನಾಲ್ಕನೆಯ ಟರ್ಮಿನಲ್ ಇವುಗಳಿಂದ ಪ್ರತ್ಯೇಕವಾಗಿದೆ ಎಂಬುದೂ ನೆನಪಿರಲಿ.

ಈ ದೂರದ ತಲೆಬೇನೆ ಹೊಸದಲ್ಲ. 1962ರಲ್ಲಿ ತೆರೆದ ವಾಷಿಂಗ್ಟನ್‌ನ ಡಲೆಸ್ ನಿಲ್ದಾಣದ ವಾಸ್ತುಶಿಲ್ಪಿ ಈರೋ ಸಾರಿನೆನ್ ಅದಕ್ಕೆ ಕಂಡುಕೊಂಡಿದ್ದ ಉಪಾಯವೇ ಬೇರೆ: ಕಾಯುವ ಕೋಣೆಗೇ ಚಕ್ರ ಹಚ್ಚಿ, ಕೂತ ಪ್ರಯಾಣಿಕರ ಸಮೇತ ಅದನ್ನು ವಿಮಾನದ ಬಾಗಿಲಿಗೆ ಓಡಿಸುವುದು. ಲುಫ್ತಾನ್ಸಾ 2004ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ತನ್ನ ಪ್ರಥಮ ದರ್ಜೆಯವರಿಗಾಗಿ ಪ್ರತ್ಯೇಕ ಟರ್ಮಿನಲ್ ಕಟ್ಟಿ, ಅಲ್ಲಿಂದ ವಿಮಾನದ ಬುಡಕ್ಕೆ ಕಾರಿನಲ್ಲಿ ಬಿಡುವ ವ್ಯವಸ್ಥೆ ಮಾಡಿದ್ದರ ಹಿಂದೆಯೂ ಇದೇ ಲೆಕ್ಕವಿದೆ. ಎಲ್ಲಕ್ಕಿಂತ ದುಬಾರಿ ಲೌಂಜ್‌ನವರು ಮಾರುತ್ತಿರುವುದು ಗೇಟಿಗೆ ನಡೆಯದಿರುವ ಸುಖವನ್ನು.

ಮೂರನೆಯ ಹಂತ: ಹಿಂದಕ್ಕೆ ಎಣಿಸಿ

ಒಂದು ಕಾಗದ ತೆಗೆದುಕೊಳ್ಳಿ. ವಿಮಾನ ರಾತ್ರಿ 10:00ಕ್ಕೆ. ನೀವು ಗೇಟಿನಲ್ಲಿ 9:15ಕ್ಕೆ ಇರಬೇಕು ಎಂದುಕೊಳ್ಳಿ. ಚೆಕ್-ಇನ್, ಭದ್ರತೆ, ವಲಸೆ ತಪಾಸಣೆ ಎಲ್ಲ ಮುಗಿದು ನೀವು ಆಚೆ ಬರುವ ಹೊತ್ತು 7:30.

ಮೊದಲ ಲೌಂಜ್ ಸಣ್ಣದು, ಗೇಟಿಗೆ ಹೋಗುವ ದಾರಿಯಲ್ಲೇ ಇದೆ. ಅಲ್ಲಿಗೆ 5 ನಿಮಿಷ, ಅಲ್ಲಿಂದ ಗೇಟಿಗೆ 10 ನಿಮಿಷ. 7:35ಕ್ಕೆ ಒಳಗೆ, 9:05ಕ್ಕೆ ಹೊರಗೆ. ಕೈಗೆ ಸಿಕ್ಕಿದ್ದು 90 ನಿಮಿಷ. ಎರಡನೆಯದು ಭವ್ಯವಾದದ್ದು, ಆದರೆ ಗೇಟಿನ ದಾರಿ ಬಿಟ್ಟು ಬೇರೆ ದಿಕ್ಕಿನಲ್ಲಿದೆ. ಅಲ್ಲಿಗೆ 15 ನಿಮಿಷ, ಅಲ್ಲಿಂದ ಗೇಟಿಗೆ 25 ನಿಮಿಷ. 7:45ಕ್ಕೆ ಒಳಗೆ, 8:50ಕ್ಕೆ ಹೊರಗೆ. ಸಿಕ್ಕಿದ್ದು 65. ಅಲ್ಲಿ ಸ್ನಾನಕ್ಕೆ ಅರ್ಧ ಗಂಟೆ ಕಾದು, ಇಪ್ಪತ್ತು ನಿಮಿಷ ಮಿಂದರೆ ಊಟಕ್ಕೆ ಉಳಿಯುವುದು ಹದಿನೈದೇ ನಿಮಿಷ. ನಿಮಗೆ ಬೇಕಾದದ್ದು ಸ್ನಾನವೊಂದೇ ಆಗಿದ್ದರೆ ಭವ್ಯವಾದದ್ದೇ ಸರಿ. ನೆಮ್ಮದಿಯಾಗಿ ಕೂತು ಎರಡು ಪತ್ರ ಬರೆಯಬೇಕಿದ್ದರೆ ಸಣ್ಣದೇ ಮೇಲು.

ಗೇಟು ಸಂಖ್ಯೆ ಹಿಂದಿನ ದಿನ ಗೊತ್ತಾಗುವುದಿಲ್ಲವಲ್ಲ ಎಂಬ ಪ್ರಶ್ನೆ ಏಳುತ್ತದೆ. ನಿಖರ ಸಂಖ್ಯೆ ಗೊತ್ತಾಗದು, ಆದರೆ ದಿಕ್ಕು ಬಹುಮಟ್ಟಿಗೆ ಗೊತ್ತಾಗುತ್ತದೆ. ಅದೇ ಸಂಖ್ಯೆಯ ವಿಮಾನ ಕಳೆದ ಒಂದು ವಾರ ಯಾವ ಗೇಟುಗಳಿಂದ ಹೊರಟಿತು ಎಂಬುದು ವಿಮಾನಗಳ ಜಾಡು ತೋರಿಸುವ ಜಾಲತಾಣಗಳಲ್ಲಿ ಸಿಗುತ್ತದೆ. ಏಳರಲ್ಲಿ ಐದು ದಿನ ಒಂದೇ ಸಾಲಿನ ಗೇಟುಗಳಿದ್ದರೆ ಅದನ್ನೇ ಹಿಡಿದು ಲೆಕ್ಕ ಹಾಕಿ. ಎಲ್ಲೆಂದರಲ್ಲಿ ಚದುರಿದ್ದರೆ ನಟ್ಟನಡುವಿನ ಲೌಂಜ್ ಆರಿಸಿಕೊಳ್ಳಿ.

ಸಂಪರ್ಕ ವಿಮಾನ ಹಿಡಿಯುವವರಿಗೆ ಇನ್ನೊಂದು ಎಚ್ಚರಿಕೆ. ಬಂದಿಳಿಯುವ ಗೇಟಿನ ಪಕ್ಕದಲ್ಲೇ ಲೌಂಜ್ ಕಂಡರೆ ಕಾಲು ತಾನಾಗಿ ಅತ್ತ ತಿರುಗುತ್ತದೆ. ಮೊದಲು ಮುಂದಿನ ವಿಮಾನ ಹೊರಡುವ ಭಾಗಕ್ಕೆ ದಾಟಿಬಿಡಿ, ಲೌಂಜ್ ಆಮೇಲೆ.

ನಾಲ್ಕನೆಯ ಹಂತ: ಜನ ತುಂಬುವ ಹೊತ್ತು ಕಂಡುಕೊಳ್ಳಿ

ಒಂದೇ ಲೌಂಜ್ ಬೆಳಿಗ್ಗೆ ಗ್ರಂಥಾಲಯ, ರಾತ್ರಿ ಸಂತೆ. ದೊಡ್ಡ ಕೇಂದ್ರ ನಿಲ್ದಾಣಗಳಲ್ಲಿ ವಿಮಾನಗಳು ಅಲೆಅಲೆಯಾಗಿ ಬಂದು ಅಲೆಅಲೆಯಾಗಿ ಹೊರಡುತ್ತವೆ. ದೋಹಾ, ದುಬೈಗಳಲ್ಲಿ ನಡುರಾತ್ರಿಯ ನಂತರದ ಹೊತ್ತು ಜನ ಕಿಕ್ಕಿರಿದಿರುತ್ತಾರೆ, ಏಕೆಂದರೆ ಪೂರ್ವದಿಂದ ಬಂದವರನ್ನು ಪಶ್ಚಿಮಕ್ಕೆ ಕಳಿಸುವ ಕೆಲಸ ಆಗ ಬಿರುಸಾಗಿ ನಡೆಯುತ್ತಿರುತ್ತದೆ. ನಿಮ್ಮ ವಿಮಾನದ ಹಿಂದುಮುಂದಿನ ಒಂದೂವರೆ ಗಂಟೆಯಲ್ಲಿ ಅದೇ ಟರ್ಮಿನಲ್‌ನಿಂದ ಎಷ್ಟು ವಿಮಾನ ಹೊರಡುತ್ತವೆ ಎಂದು ನಿಲ್ದಾಣದ ವೇಳಾಪಟ್ಟಿಯಲ್ಲಿ ಎಣಿಸಿ. ದೊಡ್ಡ ವಿಮಾನಗಳು ಒಂದರ ಹಿಂದೊಂದು ನಿಂತಿದ್ದರೆ ಲೌಂಜ್‌ನಲ್ಲಿ ಒಂಟಿ ಕುರ್ಚಿಗೂ ಪೈಪೋಟಿ.

ಪ್ರಯಾಣಿಕರ ವಿಮರ್ಶೆಗಳನ್ನು ಓದುವಾಗಲೂ ಇದೇ ದೃಷ್ಟಿ ಇರಲಿ. ನಕ್ಷತ್ರಗಳ ಸರಾಸರಿಯನ್ನು ನಾನು ನೋಡುವುದೇ ಇಲ್ಲ. ಕಳೆದ ಮೂರು ತಿಂಗಳದ್ದನ್ನು ಮಾತ್ರ ತೆಗೆದುಕೊಂಡು, ಬರೆದವರು ಎಷ್ಟು ಹೊತ್ತಿಗೆ ಹೋಗಿದ್ದರು ಎಂದು ಹುಡುಕುತ್ತೇನೆ. ಚಿತ್ರಗಳಲ್ಲಿ ಖಾಲಿ ಕುರ್ಚಿಗಳಿದ್ದರೆ ಕಿಟಕಿಯಾಚೆಯ ಬೆಳಕು ನೋಡಿ. ನಸುಕಿನಲ್ಲಿ ತೆಗೆದ ಚಿತ್ರ ನಿಮ್ಮ ರಾತ್ರಿಯ ವಿಮಾನದ ಬಗ್ಗೆ ಏನನ್ನೂ ಹೇಳದು. ‘ಊಟ ಪರವಾಗಿಲ್ಲ’ ಎಂಬುದಕ್ಕಿಂತ ‘ಇಪ್ಪತ್ತು ನಿಮಿಷ ಹೊರಗೆ ನಿಲ್ಲಿಸಿದರು’ ಎಂಬ ಸಾಲಿಗೆ ಹತ್ತು ಪಟ್ಟು ಬೆಲೆ.

ಕಾರ್ಡುದಾರರು ಒಂದು ಮಾತು ತಿಳಿದಿರಬೇಕು. ಜಾಗ ತುಂಬಿದಾಗ ಮೊದಲು ಹೊರಗೆ ನಿಲ್ಲುವವರು ನೀವೇ. ವಿಮಾನ ಸಂಸ್ಥೆಯ ಸ್ವಂತ ಪ್ರಯಾಣಿಕರಿಗೆ ಆದ್ಯತೆ ಕೊಡುವುದು ಅವರ ನಿಯಮದಲ್ಲೇ ಇರುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಎರಡನೆಯ ಹೆಸರೊಂದು ಯಾವಾಗಲೂ ಇರಲಿ. ಮೊದಲೇ ಜಾಗ ಕಾದಿರಿಸುವ ಸೌಲಭ್ಯ ಕೆಲವು ಕಡೆ ಇದೆ. ದಟ್ಟಣೆಯ ಹೊತ್ತಿನಲ್ಲಿ ಅದಕ್ಕೆ ಕೊಡುವ ಸಣ್ಣ ಶುಲ್ಕ ದಂಡವಲ್ಲ ಎಂಬುದು ನನ್ನ ಅಭಿಪ್ರಾಯ.

ಐದನೆಯ ಹಂತ: ಒಳಗೆ ಏನಿರಬೇಕು ಎಂಬುದನ್ನು ಒಂದೇ ಮಾತಿನಲ್ಲಿ ಬರೆಯಿರಿ

ಎಲ್ಲ ಸೌಲಭ್ಯಗಳಿಗೂ ಅಂಕ ಕೊಟ್ಟು ಕೂಡಿಸುವ ಕೋಷ್ಟಕಗಳನ್ನು ನೋಡಿದ್ದೇನೆ, ಒಮ್ಮೆ ನಾನೇ ಮಾಡಿಯೂ ಇದ್ದೇನೆ. ಉಪಯೋಗವಿಲ್ಲ. ಆ ದಿನ ನಿಮಗೆ ಬೇಕಾದದ್ದು ನಿದ್ದೆಯೋ, ಸ್ನಾನವೋ, ಊಟವೋ, ಕೆಲಸವೋ, ಮಕ್ಕಳಿಗೆ ಓಡಾಡುವ ಜಾಗವೋ? ಒಂದನ್ನು ಬರೆದುಕೊಳ್ಳಿ, ಅದರ ಮೇಲೆ ಮಾತ್ರ ಹೋಲಿಸಿ.

ನಿದ್ದೆ ಬೇಕಿದ್ದರೆ ಕುರ್ಚಿಯ ತೋಳುಗಳನ್ನು ಗಮನಿಸಿ. ಚಿತ್ರದಲ್ಲಿ ಮೆತ್ತಗೆ ಕಾಣುವ ಕುರ್ಚಿಗಳಿಗೆ ನಡುವೆ ಗಟ್ಟಿ ತೋಳಿದ್ದರೆ ಕಾಲು ಚಾಚುವಂತಿಲ್ಲ. ಮಂದ ಬೆಳಕಿನ ಪ್ರತ್ಯೇಕ ಮೂಲೆ ಇದೆಯೇ, ಒರಗು ಮಂಚಗಳು ಎಷ್ಟು ಎಂದು ನೋಡಿ. ‘ಇದೆ’ ಎಂದರೆ ಇನ್ನೂರು ಜನಕ್ಕೆ ಆರು ಎಂದೂ ಆಗಬಹುದು.

ಸ್ನಾನ ಬೇಕಿದ್ದರೆ ಕೋಣೆಗಳ ಸಂಖ್ಯೆ ಕೇಳಿ. ಒಳಗೆ ಕಾಲಿಟ್ಟ ಕೂಡಲೇ, ಕುರ್ಚಿ ಹುಡುಕುವ ಮೊದಲು, ಸ್ವಾಗತ ಮೇಜಿನಲ್ಲಿ ಹೆಸರು ಬರೆಸಿ. ಮೊದಲು ಊಟ ಮುಗಿಸೋಣ ಎಂದುಕೊಂಡವರ ಹೆಸರು ಪಟ್ಟಿಯಲ್ಲಿ ಹನ್ನೊಂದನೆಯದಾಗಿರುತ್ತದೆ. ನನ್ನ ಅನುಭವದಲ್ಲಿ ಕಾಯುವ ಹೊತ್ತು ಎಂದು ಅವರು ಹೇಳಿದ್ದಕ್ಕೆ ಅರ್ಧದಷ್ಟು ಸೇರಿಸಿಕೊಳ್ಳುವುದು ಕ್ಷೇಮ.

ಕೆಲಸ ಮಾಡುವವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವ ಕಿರುಹೊತ್ತಗೆಯಲ್ಲೂ ಇರುವುದಿಲ್ಲ: ವಿದ್ಯುತ್ ಸಾಕೆಟ್ ಗಟ್ಟಿಯಾಗಿದೆಯೇ ಎಂಬುದು. ಸಾವಿರಾರು ಕೈಗಳು ಎಳೆದು ಸಡಿಲವಾದ ಸಾಕೆಟ್‌ಗೆ ಚಾರ್ಜರ್ ಚುಚ್ಚುತ್ತೀರಿ, ಅದು ನಿಧಾನವಾಗಿ ತಲೆಬಾಗಿ ಹೊರಗೆ ಜಾರುತ್ತದೆ. ಕೆಳಗೆ ಪುಸ್ತಕವಿಟ್ಟು ಎತ್ತಿ ನಿಲ್ಲಿಸುತ್ತೀರಿ. ಪಕ್ಕದವರು ಏಳುವಾಗ ಮೇಜು ಅಲುಗುತ್ತದೆ, ಅದು ಮತ್ತೆ ಜಾರುತ್ತದೆ. ಹೀಗೆ ಮುಕ್ಕಾಲು ಗಂಟೆ ಕಳೆದು, ಮೊಬೈಲ್‌ನಲ್ಲಿ ಶೇಕಡಾ 4 ಏರಿದ್ದನ್ನು ಕಂಡು ಎದ್ದು ಬಂದಿದ್ದೇನೆ. ಈಗ ಮೊದಲು ಚಾರ್ಜರ್ ಚುಚ್ಚಿ ನೋಡುತ್ತೇನೆ, ಆಮೇಲೆ ಚೀಲ ಇಳಿಸುತ್ತೇನೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸಿ ಅಡುಗೆ ಬಡಿಸುವ ಹೊತ್ತು ಯಾವುದು, ನಡುವಿನ ಹೊತ್ತಿನಲ್ಲಿ ತಣ್ಣನೆಯ ತಿಂಡಿ ಮಾತ್ರವೇ ಎಂಬುದನ್ನು ತಿಳಿದುಕೊಂಡರೆ ಸಾಕು. ಮಕ್ಕಳಿದ್ದರೆ ವಯಸ್ಸಿನ ನಿಯಮ, ಆಟದ ಕೋಣೆ ನೋಡಿ. ಗಾಲಿಕುರ್ಚಿಯವರಿದ್ದರೆ ಲಿಫ್ಟ್ ಎಲ್ಲಿದೆ ಎಂದು ಫೋನ್ ಮಾಡಿಯೇ ಕೇಳಿ, ಏಕೆಂದರೆ ಹಲವು ಲೌಂಜ್‌ಗಳು ಮೇಲಿನ ಮಹಡಿಯಲ್ಲಿರುತ್ತವೆ.

ಹಣ ಕೊಟ್ಟು ಹೋಗಬೇಕೇ ಎಂಬುದಕ್ಕೂ ನಿಮಿಷಗಳ ಲೆಕ್ಕವೇ ಉತ್ತರ. ಹೊರಗೆ ಅದೇ ಹೊತ್ತಿನಲ್ಲಿ ನೀವು ಊಟಕ್ಕೂ ಕಾಫಿಗೂ ಖರ್ಚು ಮಾಡುತ್ತಿದ್ದ ಹಣವನ್ನು ಪ್ರವೇಶ ಶುಲ್ಕದಿಂದ ಕಳೆಯಿರಿ. ಉಳಿದದ್ದು ಕುರ್ಚಿಯ ಬಾಡಿಗೆ. ಒಂದು ಗಂಟೆಗಿಂತ ಕಡಿಮೆ ಹೊತ್ತಿಗೆ ಆ ಬಾಡಿಗೆ ನನಗಂತೂ ಗಿಟ್ಟಿಲ್ಲ. ಗೇಟಿನ ಬಳಿಯ ಖಾಲಿ ಸಾಲೊಂದು, ಒಂದು ಪುಸ್ತಕ, ಅಷ್ಟೇ ಸಾಕು. ಐದಾರು ಗಂಟೆ ಕಾಯಬೇಕಿದ್ದರೆ ಮಾತ್ರ ಎರಡನೆಯ ಯೋಚನೆ ಬೇಡ, ಆದರೆ ಮೂರು ಗಂಟೆಯ ಮಿತಿ ದಾಟಿದ ಮೇಲೆ ಮತ್ತೆ ಶುಲ್ಕ ಕೇಳುತ್ತಾರೆಯೇ ಎಂದು ಮೊದಲೇ ವಿಚಾರಿಸಿ.

ಆರನೆಯ ಹಂತ: ಬಾಗಿಲಲ್ಲಿ, ಒಳಗೆ, ಹೊರಡುವಾಗ

ಬಾಗಿಲಲ್ಲಿ ಬೋರ್ಡಿಂಗ್ ಪಾಸ್ ಮತ್ತು ಕಾರ್ಡ್ ಎರಡೂ ಕೈಯಲ್ಲಿರಲಿ. ಕಾರ್ಡಿನ ಮೇಲಿನ ಹೆಸರು, ಪಾಸ್‌ನ ಮೇಲಿನ ಹೆಸರು ಒಂದೇ ಇರಬೇಕು. ನಿರಾಕರಿಸಿದರೆ ಎರಡು ಪ್ರಶ್ನೆ ಕೇಳಿ: ಜಾಗ ಯಾವಾಗ ಸಿಗುತ್ತದೆ, ನನ್ನ ಕಾರ್ಡಿಗೆ ಹತ್ತಿರದಲ್ಲಿ ಬೇರೆ ಯಾವುದಿದೆ. ಎರಡನೆಯ ಪ್ರಶ್ನೆಗೆ ಸ್ವಾಗತ ಮೇಜಿನವರು ಕೊಡುವ ಉತ್ತರ ಯಾವ ಆ್ಯಪ್‌ಗಿಂತಲೂ ತಾಜಾ.

ಒಳಗೆ ಹೋದೊಡನೆ ವಿಮಾನ ಹೊರಡುವ ಘೋಷಣೆ ಇದೆಯೇ ಎಂದು ಕೇಳಿ. ಎಷ್ಟೋ ಲೌಂಜ್‌ಗಳು ಶಾಂತಿಗಾಗಿ ಘೋಷಣೆ ನಿಲ್ಲಿಸಿವೆ. ಕರೆಯುತ್ತಾರೆ ಎಂದು ನಂಬಿ ಕೂತವರ ವಿಮಾನ ತಪ್ಪಿದರೆ ಹೊಣೆ ಅವರದೇ. ಕಾಗದದ ಲೆಕ್ಕದಲ್ಲಿ ಬಂದ ಹೊರಡುವ ಹೊತ್ತಿಗೆ ಮೊಬೈಲ್‌ನಲ್ಲಿ ಅಲಾರಂ ಇಡಿ, ಅದು ಕೂಗಿದಾಗ ಏಳಿ. ಇನ್ನೊಂದು ಕಾಫಿಗೆ ಆಗ ಹೊತ್ತಿಲ್ಲ. ಗೇಟು ಬದಲಾಗಿದೆಯೇ ಎಂದು ಫಲಕ ನೋಡಿಯೇ ಹೊರಗೆ ಕಾಲಿಡಿ.

ವಿಮಾನದಲ್ಲಿ ಕೂತ ಮೇಲೆ, ಬಾಗಿಲು ಹಾಕುವ ಮೊದಲು, ಮೊಬೈಲ್‌ನಲ್ಲಿ ಎರಡು ಸಾಲು ಬರೆದಿಡಿ. ನನ್ನ ಟಿಪ್ಪಣಿಗಳಲ್ಲಿ ಇತ್ತೀಚಿನದು ಹೀಗಿದೆ: ‘ಸಂಜೆ 6:40, ಮಂಗಳವಾರ. ಬಾಗಿಲಲ್ಲಿ 4 ನಿಮಿಷ. ಕಿಟಕಿಯ ಸಾಲಿನ ಸಾಕೆಟ್ ಗಟ್ಟಿ, ನಡುವಿನವು ಸಡಿಲ. ಸ್ನಾನಕ್ಕೆ 25 ಎಂದರು, 40 ಆಯಿತು. ಘೋಷಣೆ ಇಲ್ಲ. ಗೇಟಿಗೆ 9 ನಿಮಿಷ, ಚೀಲ ಎಳೆದುಕೊಂಡು.’